ಅರ್ಧ ಹೊದಿಕೆ

ನನ್ನ ಉದ್ಯೋಗಕ್ಕೆ ಕನ್ನಡದಲ್ಲಿ ನೆಟ್ಟಗಿನ ಹೆಸರಿಲ್ಲ. 'ಚಾಪ್ಲಿನ್' ಎಂದರೆ ಊರ ಕಡೆಯವರಿಗೆ ದುಂಡು ಟೋಪಿ, ಬಾಗಿದ ಕೋಲು, ತುಂಡು ಮೀಸೆ ನೆನಪಾಗುತ್ತದೆ. ಪಾದ್ರಿ ಎಂದರೆ 'ಯಾವ ಚರ್ಚು?' ಎನ್ನುತ್ತಾರೆ. ಮೇಷ್ಟ್ರು ಎಂದರೆ 'ಯಾವ ಸಬ್ಜೆಕ್ಟು?' ಎನ್ನುತ್ತಾರೆ. ಸಭಾಪಾಲಕನಾಗಿ ದೀಕ್ಷೆ ಪಡೆದವನು ನಾನು, ನಿಜ. ಆದರೆ ಪುಣೆಯ ಈ ಶಾಲೆಯಲ್ಲಿ ಬೆಳಿಗ್ಗೆ ನನ್ನ ಮುಂದೆ ಸಾಲಾಗಿ ನಿಲ್ಲುವ ಮಕ್ಕಳು ನನ್ನ ಸಭೆಯವರಲ್ಲ. ಹೆಚ್ಚಿನವರು ಹಿಂದೂ ಮನೆಯವರು. ಮುಸ್ಲಿಮರು, ಬೌದ್ಧರು, ಜೈನರು, ಒಂದಿಷ್ಟು ಸಿಖ್ಖರು ಇದ್ದಾರೆ. ಕ್ರೈಸ್ತರು ತರಗತಿಗೆ ನಾಲ್ಕೈದು ಜನ. ಶಾಲೆ ಮಾತ್ರ ಚರ್ಚಿನದು. ಹೀಗಾಗಿ ಚಾಪ್ಲಿನ್ ಬೇಕು.

ಕೆಲಸ ಏನೆಂದರೆ ಹೇಳುವುದು ಕಷ್ಟ. ವಾರಕ್ಕೆರಡು ದಿನ ಅಸೆಂಬ್ಲಿಯಲ್ಲಿ ಐದು ನಿಮಿಷ ಮಾತು. ನೀತಿಪಾಠದ ಪೀರಿಯಡ್ಡು. ಆಸ್ಪತ್ರೆಗೆ ಸೇರಿದ ಮಕ್ಕಳನ್ನೂ ಅವರ ಮನೆಯವರನ್ನೂ ನೋಡಿಬರುವುದು. ಕ್ರಿಸ್‌ಮಸ್ ನಾಟಕ. ಉಳಿದ ಹೊತ್ತು ಮೆಟ್ಟಿಲ ಕೆಳಗಿನ ಒಂದು ಸಣ್ಣ ಕೋಣೆಯಲ್ಲಿ ಕೂತಿರುವುದು. ಆ ಕೋಣೆಗೆ ಯಾರು ಬೇಕಾದರೂ ಬರಬಹುದು ಎಂಬುದೇ ಅದರ ಉಪಯೋಗ.

ವರ್ಷ ಮುಗಿಯುವ ಹೊತ್ತಿಗೆ ನನ್ನನ್ನು ಕಾಡುವ ಪ್ರಶ್ನೆ ಒಂದೇ. ನನ್ನ ಕಾಳಜಿ ಹುಟ್ಟಿದ್ದು ನನ್ನ ನಂಬಿಕೆಯಿಂದ. ಅದನ್ನು ಆ ನಂಬಿಕೆಯಿಲ್ಲದ ಮಗುವಿಗೆ, ಮಗುವನ್ನು ನಂಬಿಕೆಯ ಕಡೆ ಎಳೆಯದೆ ಕೊಡಲು ಸಾಧ್ಯವೇ? ಸಾಧ್ಯವಾದರೂ, ನನ್ನ ಸಭೆಯ ಹಿರಿಯರು ಕೇಳುವ ಹಾಗೆ, ಅದು ಸರಿಯೇ?

ಈ ವರ್ಷ ಪ್ರಶ್ನೆ ಬರೀ ಪ್ರಶ್ನೆಯಾಗಿ ಉಳಿಯಲಿಲ್ಲ. ಅದನ್ನು ಹೇಳುವ ಮುಂಚೆ ಒಂದು ಮಾತು: ಆ ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಒಂಬತ್ತನೆಯ ತರಗತಿಯ ಹುಡುಗ. ಮನೆಯವರು ವಿಜಯಪುರ ಜಿಲ್ಲೆಯಿಂದ ಬಂದವರು, ಮನೆಮಾತು ಕನ್ನಡ. ನಾನು ಧಾರವಾಡದ ಕಡೆಯವನೆಂದು ಗೊತ್ತಾದ ದಿನದಿಂದ ಅವನು ನನ್ನ ಜೊತೆ ಇಂಗ್ಲಿಷ್ ಬಿಟ್ಟಿದ್ದ. ಮಳೆಗಾಲದಲ್ಲಿ ಅವನ ತಂದೆ ಐಸಿಯು ಸೇರಿದರು. ಮೂರನೆಯ ದಿನ ಕೋಣೆಗೆ ಬಂದು ನಿಂತೇ ಕೇಳಿದ: "ಸರ್, ನೀವು ಪ್ರೇಯರ್ ಮಾಡಿದ್ರ ಪಪ್ಪಾ ಆರಾಮ ಆಗ್ತಾರೇನ್ರಿ?"

ನಾನು ಹೇಳಿದೆ: "ಪ್ರೇಯರ್ ಮಾಡತೀನಿ. ಆರಾಮ ಆಗ್ತಾರಂತ ಮಾತು ಕೊಡೂದು ನನ್ನ ಕೈಯಾಗ ಇಲ್ಲ. ಸಂಜೀಕ ದವಾಖಾನಿಗೆ ಹೋಗೂವಾಗ ಹೇಳು, ನಾನೂ ಬರತೀನಿ."

ಹೋದೆ. ಐಸಿಯು ಹೊರಗಿನ ಕುರ್ಚಿಯಲ್ಲಿ ಅವನ ತಾಯಿ ವಿಭೂತಿಯ ಗಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದರು. ಊರ ಮಠದಿಂದ ಬಂದದ್ದು. ನನ್ನನ್ನು ಕಂಡು ಎದ್ದು ಕೈಮುಗಿದು, "ಸರ, ನಿಮ್ಮ ದೇವರಿಗೂ ಒಂದ್ ಮಾತ್ ಹೇಳ್ರಿ" ಎಂದರು. ಆ 'ಊ' ಕಾರವನ್ನು ನಾನು ಇಡೀ ವರ್ಷ ಮರೆಯಲಿಲ್ಲ. ಮುಳುಗುವವರಿಗೆ ಎಷ್ಟು ಕೈಗಳಿದ್ದರೂ ಬೇಕು. ಆ ಹೆಂಗಸು ತನ್ನ ದೇವರನ್ನು ಬಿಟ್ಟು ನನ್ನ ದೇವರ ಬಳಿ ಬಂದಿರಲಿಲ್ಲ, ಇಬ್ಬರನ್ನೂ ಕರೆಯುತ್ತಿದ್ದರು.

ಆರು ದಿನದ ಮೇಲೆ ಅವರು ತೀರಿಕೊಂಡರು. ಲಿಂಗಾಯತ ರೂಢಿಯಂತೆ ಮಣ್ಣು ಮಾಡಿದರು. ನಾನು ಚಪ್ಪಲಿ ಬಿಟ್ಟು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಹಿಡಿಮಣ್ಣು ಹಾಕಿದೆ. ನಮ್ಮಲ್ಲೂ ಹಾಗೆಯೇ ಹಾಕುತ್ತೇವೆ, ಕೈಗೆ ಅಭ್ಯಾಸವಿತ್ತು. ನಮ್ಮಲ್ಲಿ ಆ ಹೊತ್ತಿಗೆ ಹೇಳುವ ಮಾತುಗಳನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅದು ಅವರ ಮಣ್ಣು, ಅವರ ಸ್ವಾಮಿಗಳ ಮಂತ್ರ.

ಆಮೇಲೆ ಹುಡುಗ ಊಟದ ಬಿಡುವಿನಲ್ಲಿ ಡಬ್ಬಿ ತಂದು ನನ್ನ ಕೋಣೆಯಲ್ಲಿ ಕೂರತೊಡಗಿದ. ಹೆಚ್ಚು ಮಾತಿಲ್ಲ. ಸುಮಾರು ಒಂದು ತಿಂಗಳಾದ ಮೇಲೆ, ಡಬ್ಬಿ ತೆರೆಯದೆ ಕೇಳಿದ: "ಸರ್, ನಾ ನಿಮ್ಮ ಧರ್ಮಕ್ಕ ಬಂದ್ರ ಪಪ್ಪಾ ಮತ್ತ ಸಿಗ್ತಾರೇನ್ರಿ?"

ಈಸ್ಟರ್ ಹಾಡುಗಳಲ್ಲಿ ಏನಿದೆಯೆಂದು ಅವನು ಯಾವುದೋ ಅಸೆಂಬ್ಲಿಯಲ್ಲಿ ಕೇಳಿಸಿಕೊಂಡಿದ್ದ. ಸತ್ತವರು ಏಳುತ್ತಾರೆ ಎಂದು ನಾವು ಹಾಡುತ್ತೇವೆ. ನಾನು ಅದನ್ನು ನಂಬುತ್ತೇನೆ. ನನ್ನ ತಂದೆಯನ್ನು ಧಾರವಾಡದಲ್ಲಿ ಹೂಳಿದ ದಿನ ನನ್ನನ್ನು ನಿಲ್ಲಿಸಿದ್ದು ಆ ನಂಬಿಕೆಯೇ. ಈಗ ಅದೇ ನಂಬಿಕೆಯನ್ನು ಒಬ್ಬ ಹದಿನಾಲ್ಕರ ಹುಡುಗ ಬೆಲೆ ಎಷ್ಟು ಎಂಬಂತೆ ಕೇಳುತ್ತಿದ್ದ.

ನಾನು ಹೇಳಿದ್ದು ಇಷ್ಟು: "ಸಿಗತೀವಿ ಅಂತ ನಾ ನಂಬೀನಿ. ಆದ್ರ ಅದಕ್ಕ ನೀ ಯಾ ಧರ್ಮಕ್ಕೂ ಬರೂದು ಬ್ಯಾಡ. ಈಗ ಉಣ್ಣು."

ಈ ಉತ್ತರದ ಬಗ್ಗೆ ನನ್ನ ಸಭೆಯ ಹಿರಿಯರೊಬ್ಬರ ಜೊತೆ ಮಾತಾಡಿದೆ. ಅವರು ಒಳ್ಳೆಯವರು, ಸುವಾರ್ತೆಗಾಗಿ ಹಳ್ಳಿ ಹಳ್ಳಿ ಸೈಕಲ್ ತುಳಿದವರು. ಬೇಸರದಿಂದಲೇ ಹೇಳಿದರು: "ಬಾಗಿಲು ತಾನಾಗಿ ತೆರೆದಿತ್ತು. ನೀವೇ ಮುಚ್ಚಿಬಿಟ್ಟಿರಿ, ಅಯ್ಯನವರೇ." ಮಗು ತಾನಾಗಿ ಕೇಳಿತ್ತು, ನಾನು ಎಳೆದಿರಲಿಲ್ಲ. ನಿಜವೆಂದು ನಂಬಿದ್ದನ್ನು ಕೇಳಿದವರಿಗೆ ಕೊಡದಿರುವುದು ಎಂಥ ಪ್ರೀತಿ ಎಂಬುದು ಅವರ ಪ್ರಶ್ನೆ. ಅದು ಹಗುರವಾದ ಪ್ರಶ್ನೆಯಲ್ಲ.

ಬಾಗಿಲಿನ ಮಾತು ಬಂದಾಗ ಪುಣೆಯಲ್ಲಿರುವವನಿಗೆ ಪಂಡಿತಾ ರಮಾಬಾಯಿ ನೆನಪಾಗಲೇಬೇಕು. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ಕಾರಣಕ್ಕೆ ಮಾತು ಕೇಳಿದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದರು. 1889ರಲ್ಲಿ ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. ಅಮೆರಿಕದ ದಾನಿಗಳ ಹಣ, ಹಿಂದೂ ಸುಧಾರಕರ ಸಲಹಾ ಮಂಡಳಿ. ಧರ್ಮದ ವಿಷಯದಲ್ಲಿ ಯಾರ ಮೇಲೂ ಒತ್ತಾಯವಿಲ್ಲ ಎಂಬುದು ಒಪ್ಪಂದ.

ಒತ್ತಾಯವನ್ನು ಆಕೆ ಮಾಡಲೂ ಇಲ್ಲ. ಆದರೆ ತಾನು ಪ್ರಾರ್ಥನೆಗೆ ಕೂತಾಗ ಕೋಣೆಯ ಬಾಗಿಲನ್ನು ಮುಚ್ಚಲಿಲ್ಲ. ಹುಡುಗಿಯರು ಬಂದು ಕೂರುತ್ತಿದ್ದರು. ಊರೆಲ್ಲ ಸುದ್ದಿಯಾಯಿತು, 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಮಂಡಳಿಯಿಂದ ಹೊರಬಂದರು, ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಈ ಕಥೆಯನ್ನು ಒಂದು ಪಕ್ಷಕ್ಕೆ ಗೆಲುವು ಕೊಟ್ಟು ಹೇಳುವವರೇ ಹೆಚ್ಚು. ನನಗೆ ಎರಡೂ ಕಡೆ ಅರ್ಥವಾಗುತ್ತದೆ. ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದರೆ ನೀನು ನೀನಾಗಿರಬೇಡ ಎಂದ ಹಾಗೆ. ಹುಡುಗಿಯರಿಗೆ ತಮ್ಮ ಪೂಜೆಯ ಸ್ವಾತಂತ್ರ್ಯ ಇದ್ದ ಹಾಗೆ ಆಕೆಗೂ ತನ್ನದು ಇರಬೇಕು. ಇನ್ನೊಂದು ಕಡೆ, ರಾನಡೆ ಮತ್ತು ಭಂಡಾರ್ಕರ್ ಸಣ್ಣ ಮನಸ್ಸಿನವರಲ್ಲ. ವಿಧವೆಯರ ಶಿಕ್ಷಣಕ್ಕಾಗಿ ತಮ್ಮ ಸಮಾಜದ ಎದುರು ನಿಂತವರು. ತಾವು ಹೊಣೆ ಹೊತ್ತು ತಂದ ಹುಡುಗಿಯರ ಮನೆಯವರಿಗೆ ಕೊಟ್ಟ ಮಾತು ಅವರ ಮೇಲಿತ್ತು.

ನನಗೆ ಮುಖ್ಯವಾಗಿ ಕಾಣುವುದು ಮೂರನೆಯ ಸಂಗತಿ. ಆ ಬಾಗಿಲು ತೆರೆದಿತ್ತು, ಸರಿ. ಬೇರೆ ಬಾಗಿಲು ಎಷ್ಟು ತೆರೆದಿದ್ದವು? ತಲೆ ಬೋಳಿಸಿ ಮೂಲೆಗೆ ತಳ್ಳಲ್ಪಟ್ಟ ಹುಡುಗಿಗೆ ಇಡೀ ಊರಿನಲ್ಲಿ ಬೆಚ್ಚಗಿನ ಕೋಣೆ ಅದೊಂದೇ ಆಗಿದ್ದರೆ, ಅವಳು ಒಳಗೆ ಬಂದದ್ದು ಪ್ರಾರ್ಥನೆಗೋ ಬೆಚ್ಚಗಿರುವುದಕ್ಕೋ ಅವಳಿಗೂ ಹೇಳಲಾಗದು. ಇದು ರಮಾಬಾಯಿಯ ದೋಷವಲ್ಲ. ಉಳಿದ ಬಾಗಿಲುಗಳನ್ನು ಮುಚ್ಚಿದ ಸಮಾಜದ್ದು. ಆದರೆ ಒಳಗೆ ಕೂತವರಿಗೆ ಇದು ಗೊತ್ತಿರಬೇಕು. ಆಸರೆ ಬೇಕಾದವರ ಎದುರು ಆಸರೆ ಕೊಡುವವರ ಪ್ರೀತಿಗೇ ಒಂದು ತೂಕವಿರುತ್ತದೆ. ಒಂದು ಮಾತೂ ಆಡದೆ ಅದು ತಳ್ಳಬಲ್ಲದು.

ಅದಕ್ಕೇ ನಾನು ಹುಡುಗನಿಗೆ ಹಾಗೆ ಹೇಳಿದ್ದು. ತಂದೆ ಸತ್ತು ತಿಂಗಳಾದ ಹುಡುಗ ಕೇಳುತ್ತಿದ್ದುದು ತಂದೆಯನ್ನು, ಕ್ರಿಸ್ತನನ್ನಲ್ಲ. 'ಹೌದು, ಬಾ' ಎಂದಿದ್ದರೆ ಅವನು ಬರುತ್ತಿದ್ದ. ಅದು ಐಸಿಯು ಬಾಗಿಲಲ್ಲಿ ಕಾಗದದ ಮೇಲೆ ಹಾಕಿಸಿಕೊಳ್ಳುವ ಸಹಿಯ ಹಾಗೆ: ಸಹಿ ನಿಜ, ಓದಿ ಹಾಕಿದ್ದಲ್ಲ. 'ನನಗೇನೂ ಗೊತ್ತಿಲ್ಲಪ್ಪ' ಎಂದಿದ್ದರೆ ಅದು ಸುಳ್ಳಾಗುತ್ತಿತ್ತು. ಆದ್ದರಿಂದ ನಂಬಿಕೆಯನ್ನು ಹೇಳಿದೆ, ಅದಕ್ಕೆ ಅವನು ಕೊಡಲು ಬಂದ ಬೆಲೆಯನ್ನು ತೆಗೆದುಕೊಳ್ಳಲಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ, ತನ್ನ ಕಾಲ ಮೇಲೆ ನಿಂತು, ಅವನು ಇದೇ ಪ್ರಶ್ನೆಯನ್ನು ಯಾರನ್ನಾದರೂ ಕೇಳಿದರೆ ಅದು ಬೇರೆ ಪ್ರಶ್ನೆ.

ಕಾನೂನು ಇಷ್ಟನ್ನು ಬಹಳ ಹಿಂದೆಯೇ ಕಂಡುಕೊಂಡಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವರ ಒಪ್ಪಿಗೆಯಿಲ್ಲದೆ, ಚಿಕ್ಕವರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಗೋ ಪೂಜೆಗೋ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿಯ ಮೂರನೆಯ ಉಪವಿಧಿ ಹೇಳುತ್ತದೆ. 1985ರಲ್ಲಿ ಕೇರಳದ ಒಂದು ಶಾಲೆ ಮೂವರು ಮಕ್ಕಳನ್ನು ಹೊರಗೆ ಹಾಕಿತ್ತು. ಅವರು ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಬಿಜೋಯ್ ಇಮ್ಯಾನುಯೆಲ್ ಪ್ರಕರಣ ಎಂದು ಕಾನೂನು ಓದುವವರಿಗೆಲ್ಲ ಅದು ಗೊತ್ತು. ನಮ್ಮ ಅಸೆಂಬ್ಲಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಕೈಕಟ್ಟಿ, ಕಣ್ಣು ತೆರೆದು, ಸುಮ್ಮನೆ ನಿಲ್ಲುವ ಮಕ್ಕಳನ್ನು ಕಂಡಾಗ ಆ ಮೂವರು ನನಗೆ ನೆನಪಾಗುತ್ತಾರೆ. ಅಲ್ಪಸಂಖ್ಯಾತರ ಶಾಲೆಯೊಳಗೆ ಅಲ್ಪಸಂಖ್ಯಾತನಾಗಿ ನಿಂತವನನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಎಂಬುದರಲ್ಲಿ ನಮ್ಮ ಹಕ್ಕಿನ ಮಾತಿನ ಸತ್ವ ಗೊತ್ತಾಗುತ್ತದೆ. ನನ್ನೂರು, ನನ್ನ ಭಾಷೆ ಬಿಟ್ಟು ಬೇರೆ ರಾಜ್ಯದಲ್ಲಿ ಬದುಕುವವನಿಗೆ ಈ ಪಾಠ ಹೊರಗಿನಿಂದ ಬರಬೇಕಿಲ್ಲ. ಎಲ್ಲರೂ ಹಾಡುವಾಗ ತುಟಿ ಮುಚ್ಚಿ ನಿಂತವನ ಕಷ್ಟ ನಮಗೆಲ್ಲ ಒಂದಲ್ಲ ಒಂದು ಕಡೆ ಪರಿಚಯವಿದೆ.

ಹಾಗಾದರೆ ಚಾಪ್ಲಿನ್ ಯಾಕೆ, ಒಬ್ಬ ಒಳ್ಳೆಯ ಕೌನ್ಸಿಲರ್ ಸಾಕಲ್ಲ ಎಂದು ಸ್ಟಾಫ್ ರೂಮಿನ ಗೆಳೆಯರೊಬ್ಬರು ಕೇಳುತ್ತಾರೆ. ನಮ್ಮ ಶಾಲೆಯಲ್ಲಿ ಕೌನ್ಸಿಲರ್ ಇದ್ದಾರೆ, ನನಗಿಂತ ಚೆನ್ನಾಗಿ ಕಲಿತವರು. ಆ ಹುಡುಗನ ನಿದ್ದೆ, ಊಟ, ಭಯ ಎಲ್ಲವನ್ನೂ ದಾರಿಗೆ ತಂದವರು ಅವರೇ. ಆದರೆ 'ಪಪ್ಪಾ ಮತ್ತ ಸಿಗ್ತಾರೇನ್ರಿ' ಎಂಬುದನ್ನು ಅವನು ಅವರನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಅದನ್ನು ದುಃಖದ ಒಂದು ಹಂತವೆಂದು ನೋಡುತ್ತಿದ್ದರು, ನೋಡಬೇಕಾದದ್ದೂ ಹಾಗೆಯೇ. ಶಾಲೆಯಲ್ಲಿ ಒಬ್ಬನಾದರೂ ಆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಕೇಳಿಸಿಕೊಳ್ಳುವವನು ಬೇಕು. ಅವನಿಗೂ ಅದು ರಾತ್ರಿ ಎಬ್ಬಿಸುವ ಪ್ರಶ್ನೆಯಾಗಿರಬೇಕು.

ಈ ಉದ್ಯೋಗದ ಹೆಸರಿನ ಹಿಂದೆ ಒಂದು ಕಥೆಯಿದೆ. ನಾಲ್ಕನೆಯ ಶತಮಾನದಲ್ಲಿ ಮಾರ್ಟಿನ್ ಎಂಬ ರೋಮನ್ ಸೈನಿಕನಿದ್ದ. ಈಗಿನ ಫ್ರಾನ್ಸಿನ ಆಮ್ಯಾ ಪಟ್ಟಣದ ಬಾಗಿಲಲ್ಲಿ, ಕಡುಚಳಿಯಲ್ಲಿ, ಬಟ್ಟೆಯಿಲ್ಲದ ಭಿಕ್ಷುಕನೊಬ್ಬ ಅವನಿಗೆ ಎದುರಾದ. ಮಾರ್ಟಿನ್ ಬಳಿ ಕೊಡಲು ಮೈಮೇಲಿನ ಹೊದಿಕೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಕತ್ತಿಯಿಂದ ಅದನ್ನು ಎರಡು ಮಾಡಿ ಅರ್ಧ ಅವನಿಗೆ ಕೊಟ್ಟು ಅರ್ಧ ತಾನು ಹೊದ್ದ. ಆ ತುಂಡು ಬಟ್ಟೆಯಲ್ಲಿ ಅವನ ಅವತಾರ ನೋಡಿ ಅಲ್ಲಿದ್ದ ಕೆಲವರು ನಕ್ಕರಂತೆ. ಆ ರಾತ್ರಿ ಕನಸಿನಲ್ಲಿ ಕ್ರಿಸ್ತ ಅದೇ ಅರ್ಧ ಹೊದ್ದು ಕಾಣಿಸಿಕೊಂಡ ಎಂದು ಸುಲ್ಪಿಷಿಯಸ್ ಸೆವೆರಸ್ ಬರೆದ ಜೀವನಚರಿತ್ರೆ ಹೇಳುತ್ತದೆ. ಮಾರ್ಟಿನ್ ಮುಂದೆ ತೂರ್ ಪಟ್ಟಣದ ಬಿಷಪ್ ಆದ. ಅವನ ಹೊದಿಕೆಯನ್ನು ಫ್ರಾಂಕ್ ರಾಜರು ಪವಿತ್ರ ವಸ್ತುವೆಂದು ಕಾಪಾಡಿದರು. ಲ್ಯಾಟಿನ್ನಿನಲ್ಲಿ ಹೊದಿಕೆಗೆ 'ಕಾಪ್ಪಾ'. ಅದನ್ನು ಇಟ್ಟ ಜಾಗ ಚಾಪೆಲ್ ಆಯಿತು, ಕಾಯ್ದವನು ಚಾಪ್ಲಿನ್ ಆದ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಗಳು ಎರಡು. ಹೊದಿಕೆ ಕೊಟ್ಟ ದಿನ ಮಾರ್ಟಿನ್‌ಗೆ ಇನ್ನೂ ದೀಕ್ಷಾಸ್ನಾನ ಆಗಿರಲಿಲ್ಲ. ಭಿಕ್ಷುಕ ಯಾವ ದೇವರ ಒಕ್ಕಲು ಎಂದು ಕಥೆ ಎಲ್ಲೂ ಹೇಳುವುದಿಲ್ಲ, ಮಾರ್ಟಿನ್ ಕೇಳುವುದೂ ಇಲ್ಲ. ನನ್ನ ಹುದ್ದೆಯ ಹೆಸರು ಹುಟ್ಟಿದ್ದು ಅಂಥ ಒಂದು ಭೇಟಿಯಲ್ಲಿ.

ಎರಡನೆಯದು, ಅವನು ಅರ್ಧ ಕೊಟ್ಟ. ಪೂರ್ತಿ ಯಾಕೆ ಕೊಡಲಿಲ್ಲ ಎಂದು ಆರನೆಯ ತರಗತಿಯ ಹುಡುಗಿ ಪ್ರತಿವರ್ಷ ಒಬ್ಬಳಾದರೂ ಕೇಳುತ್ತಾಳೆ. ಪೂರ್ತಿ ಕೊಟ್ಟಿದ್ದರೆ ಚಳಿಯಲ್ಲಿ ನಡುಗುವವನು ಒಬ್ಬನ ಬದಲು ಇನ್ನೊಬ್ಬ ಆಗುತ್ತಿದ್ದ, ಅಷ್ಟೇ. ನನ್ನ ಮಟ್ಟಿಗೆ, ನಾನು ಇಟ್ಟುಕೊಳ್ಳುವ ಅರ್ಧ ನನ್ನ ನಂಬಿಕೆ. ಅದನ್ನು ಕಳಚಿಟ್ಟು ಶಾಲೆಗೆ ಬಾ ಎಂದರೆ ನನ್ನಿಂದ ಆಗದು. ಅದಿಲ್ಲದೆ ನಾನು ಐಸಿಯು ಹೊರಗೆ ಆರು ಸಂಜೆ ಕೂರುತ್ತಿರಲಿಲ್ಲವೇನೋ. ಆದರೆ ಕೊಡುವ ಅರ್ಧವನ್ನು ಮಗು ನನ್ನ ನಂಬಿಕೆಯಿಲ್ಲದೆಯೂ ಹೊದೆಯುವಂತಿರಬೇಕು. ಆ ಭಿಕ್ಷುಕ ಬಟ್ಟೆ ಹೊದೆಯಲು ರೋಮನ್ ಸೈನ್ಯಕ್ಕೆ ಸೇರಬೇಕಾಗಿರಲಿಲ್ಲ.

ಹೀಗೆ ಅರ್ಧದಲ್ಲಿ ನಿಂತವನಿಗೆ ಎರಡೂ ಕಡೆಯಿಂದ ನಗು ತಪ್ಪದು. ಸಭೆಯವರಿಗೆ ಕಡಿಮೆಯಾಗಿ ಕಾಣುತ್ತೇನೆ, ಕೆಲವು ಪೋಷಕರಿಗೆ ಹೆಚ್ಚಾಗಿ. ಒಂದೆರಡು ಮನೆಯವರು ಮಕ್ಕಳಿಗೆ ನನ್ನ ಕೋಣೆಗೆ ಹೋಗಬೇಡವೆಂದು ಹೇಳಿದ್ದೂ ಉಂಟು. ಅವರ ಅಂಜಿಕೆ ಎಲ್ಲಿಂದ ಬಂತೆಂದು ಗೊತ್ತು. ಶಾರದಾ ಸದನದ ಊರಿದು. ಅವರೊಡನೆ ವಾದಿಸಲು ಹೋಗುವುದಿಲ್ಲ. ಬಾಗಿಲು ತೆರೆದಿರುತ್ತದೆ, ಓಣಿಯಲ್ಲಿ ಹೋಗುವವರಿಗೆಲ್ಲ ಒಳಗೆ ಏನು ನಡೆಯುತ್ತದೆಂದು ಕಾಣುತ್ತದೆ. ಬಾಗಿಲು ತೆರೆದಿಡುವುದರ ಒಂದು ಅರ್ಥ ಅದೂ ಹೌದು.

ಪುಣೆಯಲ್ಲಿ ನನ್ನ ವರ್ಷ ನಾಲ್ಕು ಸಲ ಹುಟ್ಟುತ್ತದೆ. ಜೂನ್‌ನಲ್ಲಿ ಶಾಲೆಯ ವರ್ಷ. ಅದರ ಬೆನ್ನಿಗೇ ವಾರಕರಿಗಳ ಪಾಲಕಿ ಊರೊಳಗೆ ಬರುತ್ತದೆ. ನಮ್ಮ ಪುಟ್ಟ ಮಕ್ಕಳು ವಿಠೋಬಾ-ರಖುಮಾಯಿಯರ ವೇಷ ಹಾಕುತ್ತಾರೆ. ಜ್ಞಾನೇಶ್ವರರೇ ವಿಠ್ಠಲನನ್ನು ಕನ್ನಡದವನೆಂದು ಕರೆದಿದ್ದಾರೆ ಎಂದು ಮರಾಠಿ ಮೇಡಂ ಪ್ರತಿವರ್ಷ ನನಗೆ ನೆನಪಿಸುತ್ತಾರೆ. ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮೊದಲು ಚರ್ಚಿನ ವರ್ಷ. ಜನವರಿಯಲ್ಲಿ ಗೋಡೆಯ ಕ್ಯಾಲೆಂಡರು. ಆಮೇಲೆ ಇಲ್ಲಿಯ ಗುಡಿ ಪಾಡ್ವಾ, ನಮ್ಮ ಯುಗಾದಿ. ಬೂದಿ ಬುಧವಾರ ಸಾಮಾನ್ಯವಾಗಿ ಹತ್ತನೆಯವರ ಪರೀಕ್ಷೆಯ ಗಡಿಬಿಡಿಯ ದಿನಗಳಲ್ಲೇ ಬರುತ್ತದೆ. ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ನನ್ನನ್ನು ಕಂಡು ಆ ಹುಡುಗ, "ಸರ್, ನಿಮ್ಮದೂ ವಿಭೂತಿ ಏನ್ರಿ?" ಎಂದ. ತಂದೆ ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಅವತ್ತು.

ಈಗ ಏಪ್ರಿಲ್. ಎಲ್ಲರ ಹಾಗೆ ನನಗೂ ವರ್ಷದ ಕೆಲಸದ ಫಾರಂ ಬಂದಿದೆ. ಗುರಿ, ಸಾಧನೆ, ಪುರಾವೆ ಎಂದು ಮೂರು ಕಾಲಂ. ಗಣಿತದವರಿಗೆ ಫಲಿತಾಂಶ ಇದೆ, ಆಟದ ಮೇಷ್ಟ್ರಿಗೆ ಕಪ್ಪುಗಳಿವೆ. ಎಷ್ಟು ಅಸೆಂಬ್ಲಿ, ಎಷ್ಟು ಪೀರಿಯಡ್ಡು, ಎಷ್ಟು ಆಸ್ಪತ್ರೆ ಭೇಟಿ ಎಂದು ನಾನೂ ತುಂಬುತ್ತೇನೆ. ಲೆಕ್ಕ ಕೇಳುವುದು ತಪ್ಪಲ್ಲ, ಸಂಬಳ ಕೊಡುವವರು ಕೇಳಲೇಬೇಕು.

ಆದರೆ ಮೂರನೆಯ ಕಾಲಮ್ಮಿನ ಮುಂದೆ ಕೂತಾಗ ಮಾರ್ಟಿನ್‌ನ ಹೊದಿಕೆಯ ಒಂದು ವಿವರ ತಲೆಗೆ ಬರುತ್ತದೆ. ರಾಜರು ಪೆಟ್ಟಿಗೆಯಲ್ಲಿಟ್ಟು ಕಾಯ್ದದ್ದು, ಅದರಿಂದ ಗುಡಿಗೂ ಪೂಜಾರಿಗೂ ಹೆಸರು ಬಂದದ್ದು, ಅವನು ತನಗಾಗಿ ಇಟ್ಟುಕೊಂಡ ಅರ್ಧ. ಕೊಟ್ಟ ಅರ್ಧ ಏನಾಯಿತೆಂದು ಯಾರೂ ಬರೆದಿಟ್ಟಿಲ್ಲ. ಒಬ್ಬ ಬಡವನ ಮೈಮೇಲೆ ಚಳಿಗಾಲಗಳನ್ನು ಕಳೆದು, ಹರಿದು, ಸವೆದು ಹೋಗಿರಬೇಕು. ಬಟ್ಟೆ ಆಗಬೇಕಾದದ್ದೂ ಅದೇ.

ಚರ್ಚಿನ ವರ್ಷದಲ್ಲಿ ಇನ್ನು ಕೆಲವು ವಾರಕ್ಕೆ ಪೆಂತೆಕೊಸ್ತ ಬರುತ್ತದೆ. ಅದಾದ ಮೇಲೆ ದೊಡ್ಡ ಹಬ್ಬವಿಲ್ಲದ ಉದ್ದನೆಯ ಭಾನುವಾರಗಳು, ಹೆಚ್ಚುಕಡಿಮೆ ಅರ್ಧ ವರ್ಷ. ವೇದಿಕೆಗೆ ಹಸಿರು ಬಟ್ಟೆ ಹಾಸಿರುತ್ತೇವೆ. ಆ ಭಾನುವಾರಗಳಿಗೆ ಹೆಸರೂ ಇಲ್ಲ, ಬರೀ ಸಂಖ್ಯೆ: ಮೂರನೆಯದು, ಹನ್ನೊಂದನೆಯದು, ಹತ್ತೊಂಬತ್ತನೆಯದು. ಶಾಲೆ ಮತ್ತೆ ತೆರೆಯುವುದು ಆ ದಿನಗಳಲ್ಲೇ. ಹೊರಗೆ ಪುಣೆಯ ಮಳೆ. ಮೆಟ್ಟಿಲ ಕೆಳಗಿನ ಕೋಣೆಯ ಮುಂದೆ ಒದ್ದೆ ಕೊಡೆಗಳು. ಯಾರ ಮನೆಯಲ್ಲಿ ಏನಾಗಿದೆಯೋ, ಯಾರು ಡಬ್ಬಿ ಹಿಡಿದು ಒಳಗೆ ಬರುತ್ತಾರೋ ಮೊದಲೇ ತಿಳಿಯುವುದಿಲ್ಲ. ಬಂದವರಿಗೆ ಕುರ್ಚಿ ಕೊಡಬೇಕು. ಉಣ್ಣು ಎನ್ನಬೇಕು.